ಕಡಲು ದೂರ, ಬಿರುಗಾಳಿ ಹತ್ತಿರ

ಭರಣಿ ಮಳೆ ಹುಟ್ಟುವ ಹೊತ್ತಿಗೆ ಬಂಡಳ್ಳಿ, ಶಾಗ್ಯ, ಹನೂರು ಸುತ್ತಿನ ತೋಟಗಳಲ್ಲಿ ಬಾಳೆ ಗೊನೆ ಹೊತ್ತು ಬಾಗಿರುತ್ತದೆ. ಮಧ್ಯಾಹ್ನದವರೆಗೂ ನೆತ್ತಿ ಸುಡುವ ಬಿಸಿಲು. ನಾಲ್ಕರ ಮೇಲೆ ಮೋಡ ಕಟ್ಟುತ್ತದೆ, ದೂಳೆಬ್ಬಿಸಿಕೊಂಡು ಗಾಳಿ ನುಗ್ಗುತ್ತದೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ವರ್ಷವಿಡೀ ನೀರು ಹಾಯಿಸಿ ಸಾಕಿದ ಬಾಳೆ ಸಾಲುಸಾಲಾಗಿ ಮಲಗಿರುತ್ತದೆ. ಬಿರುಗಾಳಿ ಮಳೆಗೆ ಬಾಳೆ ನೆಲಕಚ್ಚಿತು ಎಂಬ ಸುದ್ದಿಯನ್ನು ಚಾಮರಾಜನಗರ ಜಿಲ್ಲೆಯ ಪತ್ರಿಕಾ ಓದುಗರು ಬೇಸಿಗೆ ಬಂದಾಗಲೆಲ್ಲ ಓದುತ್ತಾರೆ. ಆದರೂ ಬಿರುಗಾಳಿಗೆ ಮುಂಚೆಯೇ ಸಿದ್ಧವಾಗುವ ಮಾತು ಬಂದರೆ, ಅದು ಕಡಲ ದಂಡೆಯವರ ಕೆಲಸ ಎಂದೇ ನಾವು ನಂಬಿದ್ದೇವೆ.

ಈ ನಂಬಿಕೆಗೆ ಕಾರಣವಿದೆ. ಚಂಡಮಾರುತಕ್ಕೆ ಜನರನ್ನು ಊರು ಬಿಡಿಸುವುದು ಮುಖ್ಯವಾಗಿ ನೀರಿನ ಭಯಕ್ಕೆ. ಗಾಳಿಯ ಒತ್ತಡಕ್ಕೆ ಸಮುದ್ರ ಉಕ್ಕಿ ಊರೊಳಗೆ ನುಗ್ಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಇದಕ್ಕಾಗಿ ಕರಾವಳಿಯನ್ನು ಎ, ಬಿ, ಸಿ ಎಂದು ವಲಯ ಮಾಡಿದ್ದಾರೆ. ಯಾವ ಅಕ್ಷರ ಕೂಗಿದರೋ ಆ ವಲಯದವರು ಹೊರಡಬೇಕು. ಒಳನಾಡಿನ ಒರ್ಲಾಂಡೊ ನಗರ ಈ ಅಕ್ಷರಗಳ ಲೆಕ್ಕದಲ್ಲಿಲ್ಲ. ಆದರೆ 2004ರ ಆಗಸ್ಟ್ 13ರಂದು ಚಾರ್ಲಿ ಚಂಡಮಾರುತ ಕಡಲಂಚು ದಾಟಿ ನೇರ ಒರ್ಲಾಂಡೊ ಮೇಲೆಯೇ ಹಾದುಹೋಯಿತು. ಮರಗಳು ಬಿದ್ದವು, ಚಾವಣಿಗಳು ಹಾರಿದವು, ಕರೆಂಟು ಹೋಯಿತು. ನೀರು ಬಂದರೆ ಓಡು, ಗಾಳಿ ಬಂದರೆ ಅವಿತುಕೋ ಎಂದು ಅಲ್ಲಿನ ಅಧಿಕಾರಿಗಳು ಜನರಿಗೆ ಕಲಿಸುವುದು ಇದಕ್ಕೇ.

ನಮ್ಮ ಮಗ್ಗುಲಲ್ಲೇ ಉದಾಹರಣೆಯಿದೆ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಸೇರಿತು. ಅದು ದುರ್ಬಲವಾಗಿ ಒಳನಾಡಿಗೆ ಬಂದ ಮೇಲೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನಕ್ಕೆ 50 ಸೆಂ.ಮೀ. ಮಳೆ ಸುರಿಯಿತು. ಹೊಗೇನಕಲ್‌ ದಾಟಿದರೆ ಆ ಸೀಮೆ ಹನೂರಿನವರಿಗೆ ಪರದೇಶವೇನಲ್ಲ. ಬಂಡಳ್ಳಿಯಿಂದ ಬಂಗಾಳ ಕೊಲ್ಲಿ 250 ಕಿ.ಮೀ.ಗೂ ಹೆಚ್ಚು ದೂರ ಇರಬಹುದು, ಅದರ ಮೋಡಕ್ಕೆ ಆ ದೂರ ಲೆಕ್ಕಕ್ಕಿಲ್ಲ.

ಊರು ಬಿಡುವ ಕಷ್ಟವೂ ಈ ಸೀಮೆಗೆ ಹೊಸದಲ್ಲ. ಕೆಆರ್‌ಎಸ್ ಮತ್ತು ಕಬಿನಿಯಿಂದ ಒಟ್ಟಿಗೆ ನೀರು ಬಿಟ್ಟರೆ ಕೊಳ್ಳೇಗಾಲದ ನದಿಯಂಚಿನ ದಾಸನಪುರ, ಹಳೇ ಹಂಪಾಪುರ, ಮುಳ್ಳೂರು, ಹಳೇ ಅಣಗಳ್ಳಿ, ಹರಳೆಯವರು ಗಂಟುಮೂಟೆ ಕಟ್ಟಬೇಕು. 2018, 2019, 2024ರಲ್ಲಿ ಹೀಗಾಯಿತು. 2018ರ ಆಗಸ್ಟ್‌ನಲ್ಲಂತೂ ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು. 2022ರಲ್ಲಿ ಸುವರ್ಣಾವತಿ ಯಳಂದೂರಿಗೆ ನುಗ್ಗಿತು. ಹೊಳೆಯ ನೀರಿಗೆ ಒಂದು ದಾರಿಯಿದೆ, ಏರಲು ಗಂಟೆಗಳು ಬೇಕು. ಹಾಗಾಗಿ ತಹಶೀಲ್ದಾರರು ಡಂಗುರ ಸಾರಿಸುತ್ತಾರೆ, ಕಾಳಜಿ ಕೇಂದ್ರ ತೆರೆಯುತ್ತಾರೆ, ಯಾರು ಹೊರಡಬೇಕು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಬಂಡಳ್ಳಿಯ ಗಾಳಿಗೆ ಇಂಥ ದಾರಿಯಿಲ್ಲ. ಇಂದು ಈ ತೋಟ, ನಾಳೆ ಆಚೆಯ ತೋಟ.

ಆ ಗಾಳಿ ಹುಟ್ಟುವ ಬಗೆಯೇ ಬೇರೆ. ಬೇಸಿಗೆಯ ಕಾವಿಗೆ ಮೇಲೆದ್ದ ಮೋಡದಿಂದ ಮಳೆ ಬೀಳತೊಡಗಿದಾಗ ಕೆಳಗಿನ ಒಣ ಗಾಳಿಯಲ್ಲಿ ಹನಿಗಳು ಅರ್ಧಕ್ಕೇ ಆವಿಯಾಗುತ್ತವೆ. ಅದರಿಂದ ಸುತ್ತಲ ಗಾಳಿ ತಣಿದು, ಭಾರವಾಗಿ, ಕೆಳಕ್ಕೆ ಬೀಳುತ್ತದೆ. ಕೊಡದ ನೀರನ್ನು ಅಂಗಳಕ್ಕೆ ಸುರಿದಂತೆ ನೆಲ ಮುಟ್ಟಿ ಎಲ್ಲ ಕಡೆಗೂ ಹರಡುತ್ತದೆ. ಮಳೆಗೆ ಮೊದಲು ಮೈಗೆ ತಾಕುವ ಆ ತಂಪು ಗಾಳಿಯೇ ಎಚ್ಚರಿಕೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿಯ ವೇಗ ಗಂಟೆಗೆ 62 ಕಿ.ಮೀ. ತಲುಪಿದರೆ ವಾಯುಭಾರ ಕುಸಿತ ಚಂಡಮಾರುತ ಎನಿಸುತ್ತದೆ. ಮೇ ತಿಂಗಳ ಗುಡುಗು ಮಳೆಯ ಗಾಳಿ ಕೆಲವೇ ನಿಮಿಷಗಳ ಮಟ್ಟಿಗೆ ಆ ವೇಗ ಮುಟ್ಟಬಲ್ಲದು. ಚಂಡಮಾರುತಕ್ಕೆ ಹೆಸರಿದೆ, ನಾಲ್ಕು ದಿನ ಮುಂಚಿನ ಮುನ್ಸೂಚನೆಯಿದೆ. ಇದಕ್ಕೆ ಸಿಗುವುದು ಹೆಚ್ಚೆಂದರೆ ಎರಡು ಮೂರು ಗಂಟೆ.

ಆ ಎರಡು ಮೂರು ಗಂಟೆ ನಮಗೆ ತಲುಪುತ್ತಿದೆಯೇ ಎಂಬುದೇ ನನ್ನ ಪ್ರಶ್ನೆ. ಹವಾಮಾನ ಇಲಾಖೆ ಮೂರು ಗಂಟೆಗಳ ತಕ್ಷಣದ ಮುನ್ಸೂಚನೆಯನ್ನು ಜಿಲ್ಲೆವಾರು ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಹಾಕಿದೆ. ಅದರ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ. ಸಿಡಿಲಿಗೆ ಅದೇ ಕೇಂದ್ರದ ಸಿಡಿಲು ಆ್ಯಪ್, ಪುಣೆಯ ವಿಜ್ಞಾನಿಗಳ ದಾಮಿನಿ ಆ್ಯಪ್ ಇವೆ. ವ್ಯವಸ್ಥೆ ಇದೆ. ಅದು ಮೊಬೈಲಿನಿಂದ ತೋಟದ ಬದುವಿಗೆ ನಡೆದು ಬರಬೇಕು. ಕಾಡಂಚಿನಲ್ಲಿ ಸಿಗ್ನಲ್ಲೇ ಸಿಗದ ಕಡೆ ಪಂಚಾಯಿತಿಯ ಮೈಕು, ದೇವಸ್ಥಾನದ ಮೈಕು ಆ ಕೆಲಸ ಮಾಡಬಹುದು.

ಬಾಳೆಯ ಕೆಲಸ ಮಾತ್ರ ಕೊನೆಯ ಗಂಟೆಗೆ ಆಗುವಂಥದ್ದಲ್ಲ. ಬಾಳೆಗೆ ಕಟ್ಟಿಗೆಯ ಕಾಂಡವಿಲ್ಲ, ಒಂದರ ಮೇಲೊಂದು ಸುತ್ತಿದ ಎಲೆಪಟ್ಟೆಗಳೇ ಅದರ ದಿಂಡು. ಬೇರು ಆಳಕ್ಕಿಳಿಯುವುದಿಲ್ಲ. ತುದಿಯಲ್ಲಿ ಗೊನೆಯ ಭಾರ, ಅಗಲ ಎಲೆಗಳಲ್ಲಿ ಗಾಳಿ. ನೆಲ ನೆಂದಿದ್ದರೆ ಗೆಡ್ಡೆಸಮೇತ ಕಿತ್ತುಬರುತ್ತದೆ, ಒಣಗಿದ್ದರೆ ನಡುವಿಗೇ ಮುರಿಯುತ್ತದೆ. ಗೊನೆ ಹಾಕುವ ಮುನ್ನವೇ ಬುಡಕ್ಕೆ ಮಣ್ಣು ಏರಿಸಿ, ಗೊನೆ ಬಾಗಿದ ಕಡೆಯಿಂದ ಬಿದಿರು ಇಲ್ಲವೇ ಸರ್ವೆ ಗಳ ಕೊಟ್ಟು ಕಟ್ಟಿದರೆ ಒಂದಷ್ಟು ಗಿಡ ಉಳಿಯುತ್ತವೆ. ಗಳದ ಖರ್ಚು ಸಣ್ಣ ರೈತನಿಗೆ ದೊಡ್ಡದೇ. ಆದ್ದರಿಂದ ತೋಟಗಾರಿಕೆ ಇಲಾಖೆ ಗಳಕ್ಕೂ ಬೇಲಿಯ ಗಾಳಿತಡೆ ಮರಕ್ಕೂ ನೆರವು ಕೊಡುವುದು ನ್ಯಾಯ. ತೋಟವನ್ನೆಲ್ಲ ಒಂದೇ ವಾರದಲ್ಲಿ ನೆಡದೆ ತಿಂಗಳ ಅಂತರದಲ್ಲಿ ಎರಡು ಮೂರು ಪಾಲು ಮಾಡಿ ನೆಟ್ಟರೆ, ಒಂದು ಸಂಜೆಯ ಗಾಳಿಗೆ ಪೂರ್ತಿ ಗೊನೆ ಸಿಕ್ಕಿಬೀಳುವುದಿಲ್ಲ.

ಶೀಟಿನ ಮನೆಗೆ ಗಾಳಿ ಸೂರಿನಡಿಯಿಂದ ನುಗ್ಗಿ ಎತ್ತುತ್ತದೆ. ಶೀಟಿನ ಮೇಲೆ ಕಲ್ಲು ಹೇರುವ ರೂಢಿ ಅಪಾಯ. ಶೀಟು ಎದ್ದರೆ ಕಲ್ಲು ಒಳಗೆ ಮಲಗಿದ ಮಗುವಿನ ಮೇಲೆ ಬೀಳುತ್ತದೆ. ಶೀಟನ್ನು ಬೋಲ್ಟು ಹಾಕಿ ತೊಲೆಗೆ ಬಿಗಿಯಬೇಕು. ಮಿಂಚು ಕಂಡು 30 ಎಣಿಸುವಷ್ಟರಲ್ಲಿ ಗುಡುಗು ಕೇಳಿಸಿದರೆ ಹೊಲ ಬಿಟ್ಟು ಗಟ್ಟಿ ಕಟ್ಟಡ ಸೇರಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು. ದನ, ಆಡು, ಕುರಿಗಳನ್ನು ಒಂಟಿ ಮರಕ್ಕೋ ತಂತಿ ಬೇಲಿಗೋ ಕಟ್ಟಬಾರದು. ತಂತಿ ಹರಿದು ಬಿದ್ದಿದ್ದರೆ ಮುಟ್ಟದೆ 1912ಕ್ಕೆ ತಿಳಿಸಬೇಕು.

ಹಾನಿಯಾದ ಮೇಲಿನ ಕಥೆ ಇನ್ನೂ ನೋವಿನದು. 2022ರಿಂದ 26ರ ವಿಪತ್ತು ಪರಿಹಾರ ನಿಯಮಗಳ ರಾಷ್ಟ್ರೀಯ ಪಟ್ಟಿಯಲ್ಲಿ ಚಂಡಮಾರುತವಿತ್ತು, ಪ್ರವಾಹವಿತ್ತು, ಆಲಿಕಲ್ಲು ಇತ್ತು. ಗುಡುಗು ಮಳೆಯ ಬಿರುಗಾಳಿಯೂ ಸಿಡಿಲೂ ಇರಲಿಲ್ಲ. ಅಂಥವಕ್ಕೆ ರಾಜ್ಯ ತನ್ನ ನಿಧಿಯ ಶೇ 10ರ ಮಿತಿಯೊಳಗೆ ದಾರಿ ಹುಡುಕಬೇಕಿತ್ತು. ಪರಿಹಾರ ಸಿಗಲು ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾಗಿರಬೇಕಿತ್ತು. ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ 2 ಹೆಕ್ಟೇರಿಗೆ ಮಾತ್ರ ಎಂದಿತ್ತು. ಎಕರೆಗೆ ಏಳರಿಂದ ಒಂಬತ್ತು ಸಾವಿರದ ಆಸುಪಾಸು. ಕಂದು, ಗೊಬ್ಬರ, ಕೂಲಿಯ ಖರ್ಚಿಗೆ ಇದು ಯಾವ ಮೂಲೆಗೂ ಸಾಲದು. ಕಡಲಿನಿಂದ ಬಂದ ಗಾಳಿಗೆ ಬಿದ್ದ ಬಾಳೆಗೂ ಮೋಡದಿಂದ ಬಿದ್ದ ಗಾಳಿಗೆ ಮುರಿದ ಬಾಳೆಗೂ ಬೆಲೆ ಒಂದೇ ಆಗಬೇಕೆಂದು ನಮ್ಮ ಪ್ರತಿನಿಧಿಗಳು ಗಟ್ಟಿಯಾಗಿ ಕೇಳಬೇಕು. ಅಲ್ಲಿಯವರೆಗೆ ರೈತರು ಬಿದ್ದ ಗಿಡ ತೆರವು ಮಾಡುವ ಮೊದಲು ಫೋಟೊ ತೆಗೆದಿಟ್ಟುಕೊಂಡು, ಗ್ರಾಮ ಆಡಳಿತಾಧಿಕಾರಿಗೂ ತೋಟಗಾರಿಕೆ ಇಲಾಖೆಗೂ ಬರವಣಿಗೆಯಲ್ಲಿ ತಿಳಿಸಬೇಕು. ರೈತರ ಮಾಹಿತಿಯ ‘ಫ್ರೂಟ್ಸ್’ ತಂತ್ರಾಂಶದ ನೋಂದಣಿಯೂ ಪಹಣಿಯೂ ಮೊದಲೇ ಸರಿಯಿರಲಿ.

ಯುಗಾದಿ ಕಳೆದೊಡನೆ ನಡೆಯುವ ಗ್ರಾಮಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಸಾಕು: ಶೀಟಿನ ಮನೆಗಳ ಪಟ್ಟಿ, ಒಂಟಿಯಾಗಿರುವ ವೃದ್ಧರ ಹೆಸರು, ರಸ್ತೆಗೆ ವಾಲಿದ ಮರ ಮತ್ತು ಕಂಬಗಳು, ಮತ್ತು ರಜೆಯಲ್ಲಿ ಬೀಗ ಬಿದ್ದಿರುವ ಶಾಲೆಯ ಕೀಲಿ ಯಾರ ಮನೆಯಲ್ಲಿರುತ್ತದೆ ಎಂಬುದು.