ಮಂಡಿ ನೋವಿಗೆ ಸ್ಪ್ರೇ ಸಾಕಾ, ಡಾಕ್ಟರ್ ಬೇಕಾ?

ನಮ್ಮ ಹಾಸ್ಟೆಲ್ ಆಗಲಿ, ಬಿಟಿಎಂ ಲೇಔಟ್‌ನ ಪಿಜಿ ಆಗಲಿ, ಯಾವ ರೂಮಿಗೆ ಹೋದರೂ ಒಂದು ವೋಲಿನಿ ಸ್ಪ್ರೇ, ಒಂದು ಕ್ರೇಪ್ ಬ್ಯಾಂಡೇಜ್ ಸಿಕ್ಕೇ ಸಿಗುತ್ತೆ. ಫುಟ್‌ಬಾಲ್ ಆಡಿ ಕಾಲು ಉಳುಕಿದರೂ ಅದೇ, ಬನಶಂಕರಿಯಿಂದ ಬಸ್ಸಲ್ಲಿ ನಿಂತುಕೊಂಡು ಬಂದು ಮಂಡಿ ನೋವಾದರೂ ಅದೇ, ಸಬ್ಮಿಷನ್ ಹಿಂದಿನ ರಾತ್ರಿ ಸೊಂಟ ಹಿಡಿದರೂ ಅದೇ. ನಿಜ ಹೇಳಬೇಕಂದ್ರೆ ಹೆಚ್ಚಿನ ಸಲ ಅಷ್ಟೇ ಸಾಕು. ನಮ್ಮ ವಯಸ್ಸಿನಲ್ಲಿ ಕೀಲುನೋವು ಬಹುಪಾಲು ತಾನಾಗಿಯೇ ಹೋಗುತ್ತೆ. ಆದರೆ ಒಂದೆರಡು ದಿನ ತಡ ಮಾಡಿದರೆ ಕೀಲನ್ನೇ ಹಾಳುಮಾಡುವ ನೋವೂ ಇದೆ. ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಬೆನ್ನುಮೂಳೆಯನ್ನೇ ಬೆಸೆದುಬಿಡಬಹುದಾದ ನೋವೂ ಇದೆ.

ಇವನ್ನು ಗುರುತಿಸೋದು ಹೇಗೆ? "ನೋವು ಎಷ್ಟಿದೆ" ಅನ್ನೋ ಪ್ರಶ್ನೆಯಿಂದ ಹೆಚ್ಚೇನೂ ಗೊತ್ತಾಗಲ್ಲ. ಮೊಣಕೈ ಟೇಬಲ್ ಅಂಚಿಗೆ ಬಡಿದರೆ ಕಣ್ಣಲ್ಲಿ ನೀರು ಬರುತ್ತೆ, ಹತ್ತು ನಿಮಿಷಕ್ಕೆ ಮರೆತೂ ಹೋಗುತ್ತೆ. ಕೇಳಿಕೊಳ್ಳಬೇಕಾದ್ದು, ನೋವಿನ ಜೊತೆಗೆ ಇನ್ನೇನು ಬಂತು? ಊತವಾ, ಬಿಸಿಯಾ, ಜ್ವರವಾ, ಕಾಲೂರೋಕೆ ಆಗ್ತಿಲ್ವಾ, ಬೆಳಗ್ಗೆ ಎದ್ದಾಗ ಬಿಗಿತವಾ?

ಮೊದಲು ಪೆಟ್ಟಿನ ವಿಷಯ, ಯಾಕಂದ್ರೆ ನಮ್ಮಲ್ಲಿ ಅದೇ ಜಾಸ್ತಿ. ಕಾಲು ಉಳುಕಿದಾಗ ಎಕ್ಸ್-ರೇ ಬೇಕಾ ಬೇಡವಾ ಅಂತ ತೀರ್ಮಾನಿಸೋಕೆ ಕೆನಡಾದ ಒಟ್ಟಾವ ನಗರದ ವೈದ್ಯರು 1992ರಲ್ಲಿ ಒಂದು ನಿಯಮ ಪ್ರಕಟಿಸಿದರು. ಈಗಲೂ ಜಗತ್ತಿನ ಎಮರ್ಜೆನ್ಸಿ ವಾರ್ಡ್‌ಗಳಲ್ಲಿ ಅದನ್ನು ಬಳಸ್ತಾರೆ. ನಾವು ಬರೆಯೋ ಇಫ್-ಎಲ್ಸ್ ಕೋಡಿನಷ್ಟೇ ಸರಳ. ಬಿದ್ದ ತಕ್ಷಣವೂ ಆಮೇಲೂ ನಾಲ್ಕು ಹೆಜ್ಜೆ ಇಡೋಕೆ ಆಗದಿದ್ದರೆ ಎಕ್ಸ್-ರೇ ಬೇಕು. ಕುಂಟಿಕೊಂಡು ಇಟ್ಟರೂ ಹೆಜ್ಜೆ ಹೆಜ್ಜೆಯೇ. ನಾಲ್ಕು ಹೆಜ್ಜೆ ನಡೆದರೂ, ಪಾದದ ಮೇಲೆ ಎರಡೂ ಪಕ್ಕ ಉಬ್ಬಿರುವ ಮೂಳೆಗಳ ತುದಿಯನ್ನೋ ಹಿಂಭಾಗದ ಅಂಚನ್ನೋ ಒತ್ತಿದಾಗ ನೋವಾದರೆ ಆಗಲೂ ಎಕ್ಸ್-ರೇ ಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿದ ಮೂಳೆಗೂ, ಒಳಬದಿಯ ಕಮಾನಿನ ಮೇಲಿನ ಮೂಳೆಗೂ ಇದೇ ಲೆಕ್ಕ. ಮಂಡಿಗೂ ಇಂಥದ್ದೇ ನಿಯಮ ಇದೆ: ನಾಲ್ಕು ಹೆಜ್ಜೆ ಆಗದಿದ್ದರೆ, 90 ಡಿಗ್ರಿ ಮಡಚೋಕೆ ಆಗದಿದ್ದರೆ, ಮಂಡಿಚಿಪ್ಪನ್ನೇ ಒತ್ತಿದಾಗ ನೋವಾದರೆ, ಅಥವಾ ಮಂಡಿಯ ಹೊರಬದಿಯಲ್ಲಿ ಸ್ವಲ್ಪ ಕೆಳಗಿರುವ ಮೂಳೆಯ ಗುಬುಟು ಒತ್ತಿದಾಗ ನೋವಾದರೆ.

ಆದರೆ ಈ ನಿಯಮ ಮೂಳೆ ಮುರಿತವನ್ನಷ್ಟೇ ಹಿಡಿಯುತ್ತೆ. ಮಂಡಿಯೊಳಗಿನ ಎಸಿಎಲ್ ಅನ್ನೋ ಕಟ್ಟು ಹರಿದಿದ್ದರೆ ಎಕ್ಸ್-ರೇಯಲ್ಲಿ ನೇರವಾಗಿ ಕಾಣಲ್ಲ. ಇಲ್ಲಿ ಗಡಿಯಾರ ನೋಡಿ. ಓಡ್ತಾ ಓಡ್ತಾ ತಟ್ಟನೆ ತಿರುಗಿದಾಗ "ಟಪ್" ಅಂದು, ಒಂದೆರಡು ಗಂಟೆಯೊಳಗೆ ಮಂಡಿ ಊದಿದರೆ ಒಳಗೆ ರಕ್ತ ತುಂಬಿಕೊಂಡಿದೆ ಅಂತ ಅರ್ಥ. ಹಾಗೆ ಆದವರಲ್ಲಿ ಎಸಿಎಲ್ ಹರಿದಿರೋ ಸಾಧ್ಯತೆ ಹೆಚ್ಚು. ಊತ ನಿಧಾನವಾಗಿ ಮಾರನೇ ದಿನಕ್ಕೆ ಬಂದು, ಮಂಡಿ ಮಧ್ಯದಲ್ಲೇ ಸಿಕ್ಕಿಹಾಕಿಕೊಂಡು ನೇರ ಮಾಡೋಕೆ ಆಗದಿದ್ದರೆ ಅದು ಹೆಚ್ಚಾಗಿ ಮೆನಿಸ್ಕಸ್, ಅಂದರೆ ಮಂಡಿಯ ಮೆತ್ತೆ. ಎರಡಕ್ಕೂ ಮೂಳೆ ಡಾಕ್ಟರ್ ಬೇಕು. ಕೀಲು ಸೊಟ್ಟಗಾಗಿದ್ದರೆ ಅಥವಾ ಪಾದ ತಣ್ಣಗಾಗಿ ಜೋಮು ಹಿಡಿದಿದ್ದರೆ ಯೋಚನೆ ಮಾಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ನಮ್ಮೂರಿನಲ್ಲಿ ಇಲ್ಲೊಂದು ಉಪಪ್ರಶ್ನೆ ಬಂದೇ ಬರುತ್ತೆ. "ಪುತ್ತೂರು ಕಟ್ಟು ಹಾಕಿಸೋಣ್ವಾ?" ಆಂಧ್ರದ ಪುತ್ತೂರಿನ ಹೆಸರಿನ ಬೋರ್ಡು ಬೆಂಗಳೂರಿನಲ್ಲಿ ಎಷ್ಟೋ ಕಡೆ ಇದೆ, ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ ತಾತ ಅದನ್ನು ನಂಬ್ತಾರೆ. ಅವರ ಜೊತೆ ಜಗಳಕ್ಕೆ ನಿಲ್ಲೋದು ನಮ್ಮ ಉದ್ದೇಶ ಅಲ್ಲ. ಎಕ್ಸ್-ರೇ ನೋಡದೆ ಯಾರೂ ಎಳೆಯೋದು, ತಿರುಚೋದು, ಎಣ್ಣೆ ಹಚ್ಚಿ ತಿಕ್ಕೋದು ಬೇಡ ಅಂತ ಮಾತ್ರ ಹೇಳ್ತೀವಿ. ಕಟ್ಟು ಯಾರೇ ಕಟ್ಟಿರಲಿ, ಬೆರಳು ನೀಲಿಯಾದರೆ, ಮರಗಟ್ಟಿದರೆ ಅಥವಾ ನೋವು ಗಂಟೆಗಂಟೆಗೂ ಏರಿದರೆ ತಕ್ಷಣ ಬಿಚ್ಚಿಸಿ ಆಸ್ಪತ್ರೆಗೆ ಹೋಗಬೇಕು.

ಈಗ ಪೆಟ್ಟೇ ಇಲ್ಲದೆ ಬರುವ ನೋವು. ಒಂದೇ ಒಂದು ಕೀಲು ದಿಢೀರನೆ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದು, ಅಲ್ಲಾಡಿಸೋಕೂ ಆಗದೆ, ಜೊತೆಗೆ ಜ್ವರ ಅಥವಾ ಚಳಿ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳೆ ಇಂಟರ್ನಲ್ಸ್ ಇದ್ದರೂ ಅವತ್ತೇ. ಕೀಲಿನೊಳಗೆ ಸೋಂಕು ಆಗಿರಬಹುದು. ಕೀವು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ತಿಂದುಹಾಕುತ್ತೆ, ಹೋದದ್ದು ಮತ್ತೆ ಬೆಳೆಯಲ್ಲ. ಸೂಜಿಯಿಂದ ಕೀಲಿನ ನೀರು ತೆಗೆದು ಪರೀಕ್ಷಿಸಿದರೆ ಮಾತ್ರ ಖಚಿತವಾಗಿ ಗೊತ್ತಾಗೋದು. ಜ್ವರ ಇಲ್ಲ ಅಂತ ಸುಮ್ಮನಿರೋ ಹಾಗೂ ಇಲ್ಲ, ಕೆಲವರಿಗೆ ಜ್ವರ ಬರೋದೇ ಇಲ್ಲ.

ಒಂದಲ್ಲ, ಮೈಯ ಕೀಲೆಲ್ಲ ನೋವು, ಜೊತೆಗೆ ಜೋರು ಜ್ವರ ಅಂದರೆ ಮಳೆಗಾಲದ ಬೆಂಗಳೂರಿನಲ್ಲಿ ಮೊದಲ ಅನುಮಾನ ಸೊಳ್ಳೆಯ ಮೇಲೆ. ಅಪ್ಪ ಅಮ್ಮನನ್ನು ಕೇಳಿ, 2006ರ ಚಿಕುನ್‌ಗುನ್ಯಾ ನೆನಪಿರುತ್ತೆ. ಆ ವರ್ಷ ಕರ್ನಾಟಕದಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ಚಿಕುನ್‌ಗುನ್ಯಾ ಅನ್ನೋದು ಆಫ್ರಿಕಾದ ಮಕೊಂಡೆ ಭಾಷೆಯ ಪದ, ನೋವಿಗೆ ಮೈ ಬಾಗಿಹೋಗೋದು ಅಂತ ಅದರ ಅರ್ಥ. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ಕೆಲವರಿಗೆ ತಿಂಗಳುಗಟ್ಟಲೆ ಇರುತ್ತೆ. ಡೆಂಗಿಯೂ ಅದೇ ಈಡಿಸ್ ಸೊಳ್ಳೆಯ ಕೆಲಸ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತ್ತು.

ನಮ್ಮ ಪ್ರಕಾರ ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡೋದಾದರೆ ಇದನ್ನು ಇಡಿ: ಜ್ವರ ಮತ್ತು ಕೀಲುನೋವು ಒಟ್ಟಿಗೆ ಬಂದಾಗ, ಡೆಂಗಿ ಅಲ್ಲ ಅಂತ ಗೊತ್ತಾಗೋ ತನಕ ಐಬುಪ್ರೊಫೆನ್, ಡೈಕ್ಲೋಫಿನಾಕ್, ಆಸ್ಪಿರಿನ್ ನುಂಗಬೇಡಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತೆ, ಈ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮೆಡಿಕಲ್ ಸ್ಟೋರಿನಲ್ಲಿ "ಮೈಕೈ ನೋವಿಗೆ ಕೊಡಿ" ಅಂದರೆ ಕೈಗೆ ಬರೋದು ಎಷ್ಟೋ ಸಲ ಇವೇ. ಪ್ಯಾರಾಸಿಟಮಾಲ್ ಅಂತ ಹೆಸರು ಹೇಳಿ ಕೇಳಿ. ಎನ್ಎಸ್1 ರಕ್ತಪರೀಕ್ಷೆ ಜ್ವರದ ಮೊದಲ ಐದು ದಿನಗಳಲ್ಲೇ ಹೆಚ್ಚು ಉಪಯೋಗ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಅಡ್ಮಿಟ್ ಆಗಬೇಕಾಗಬಹುದು. ಇವು ಹೆಚ್ಚಾಗಿ ಜ್ವರ ಇಳಿಯೋ ಹೊತ್ತಿಗೇ ಬರುತ್ತವೆ, ಅಂದರೆ "ಸದ್ಯ ವಾಸಿಯಾಯ್ತು" ಅಂತ ನಾವು ನಿಟ್ಟುಸಿರು ಬಿಡೋ ಹೊತ್ತಿಗೆ.

ಮೂರನೇ ಥರದ ನೋವು ಸದ್ದು ಮಾಡಲ್ಲ, ಹಾಗಾಗಿ ತಪ್ಪಿಹೋಗೋದೂ ಹೆಚ್ಚು. ಸೊಂಟನೋವು ಅಂದಕೂಡಲೇ ನಾವೆಲ್ಲ ಲ್ಯಾಪ್‌ಟಾಪ್ ಬ್ಯಾಗನ್ನೋ ಡ್ರಾಯಿಂಗ್ ಬೋರ್ಡನ್ನೋ ಬೈತೀವಿ. ಆ ನೋವು ವಿಶ್ರಾಂತಿ ತಗೊಂಡರೆ ಕಡಿಮೆ ಆಗಬೇಕು. ತದ್ವಿರುದ್ಧವಾಗಿ ಮಲಗಿದಷ್ಟೂ ಹೆಚ್ಚಾಗಿ, ನಡೆದಾಡಿದರೆ ಸಡಿಲಾಗಿ, ರಾತ್ರಿ ಎರಡು ಮೂರು ಗಂಟೆಗೆ ಎಬ್ಬಿಸಿ, ಬೆಳಗ್ಗೆ ಅರ್ಧ ಗಂಟೆಗೂ ಮೀರಿ ಬಿಗಿ ಹಿಡಿದಿದ್ದು, ಮೂರು ತಿಂಗಳು ದಾಟಿದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಅದು ಶುರುವಾಗೋದೇ ಹೆಚ್ಚಾಗಿ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ದಶಕದಲ್ಲಿ, ಅಂದರೆ ನಮ್ಮ ವಯಸ್ಸಿನಲ್ಲಿ. ಕಣ್ಣು ಕೆಂಪಾಗಿ ನೋಯೋದು, ಸೋರಿಯಾಸಿಸ್, ಮನೆಯಲ್ಲಿ ಇನ್ನೊಬ್ಬರಿಗೆ ಇದೇ ಕಾಯಿಲೆ ಇರೋದು ಸುಳಿವುಗಳು. ಕೈಬೆರಳ ಸಣ್ಣ ಕೀಲುಗಳು ಎರಡೂ ಕೈಯಲ್ಲಿ ಊದಿ ಆರು ವಾರ ದಾಟಿದರೆ ಅದು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಹುಡುಗಿಯರಲ್ಲಿ ಇದು ಹೆಚ್ಚು, "ವಯಸ್ಸಾದವರ ಕಾಯಿಲೆ" ಅನ್ನೋ ಮಾತು ಸುಳ್ಳು. ಮೊದಲ ಕೆಲವು ತಿಂಗಳಲ್ಲೇ ಔಷಧ ಶುರುವಾದರೆ ಕೀಲು ಬಹುಮಟ್ಟಿಗೆ ಉಳಿಯುತ್ತೆ.

ಬರೀ ಲಟಕ್ ಅನ್ನೋ ಬೆರಳು, ನೋವಿಲ್ಲದೆ ಸದ್ದು ಮಾಡೋ ಮಂಡಿ, ಇವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮಾಮೂಲಿ ಉಳುಕಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಡಿ, ಕಾಲು ಎತ್ತರಕ್ಕಿಟ್ಟು ಮಲಗಿ, ಎರಡು ದಿನ ಮಸಾಜ್ ಬೇಡ. ಎರಡು ವಾರಕ್ಕೂ ಸುಧಾರಿಸದಿದ್ದರೆ ತೋರಿಸಿ.

ಎಲ್ಲಿ ತೋರಿಸೋದು? ಪೆಟ್ಟಿಗೆ ಬೈರಸಂದ್ರದ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಸರ್ಕಾರದ್ದು, ಮೂಳೆ ಮತ್ತು ಅಪಘಾತಕ್ಕೇ ಮೀಸಲು. ಜ್ವರಕ್ಕೆ ಜಯನಗರ 4ನೇ ಟಿ ಬ್ಲಾಕ್‌ನ ಜನರಲ್ ಆಸ್ಪತ್ರೆ. ಬೆಳಗಿನ ಬಿಗಿತದ ಕಥೆಯಾದರೆ ಮೂಳೆ ಡಾಕ್ಟರ್ ಅಲ್ಲ, ರುಮಟಾಲಜಿಸ್ಟ್ ಬೇಕು. ಬಿಟಿಎಂ ಕಡೆಯವರಿಗೆ ಹತ್ತಿರವಿರೋ ಸೇಂಟ್ ಜಾನ್ಸ್‌ನಲ್ಲಿ ಆ ವಿಭಾಗ ಇದೆ.

ಹೋಗೋ ಮುಂಚೆ ಫೋನಿನ ನೋಟ್ಸ್‌ನಲ್ಲಿ ಬರೆದುಕೊಳ್ಳಿ: ಯಾವತ್ತು ಶುರುವಾಯ್ತು, ಯಾವ ಕೀಲು, ಬೆಳಗಿನ ಬಿಗಿತ ಎಷ್ಟು ನಿಮಿಷ, ಜ್ವರ ಇತ್ತಾ, ಯಾವ ಮಾತ್ರೆ ನುಂಗಿದ್ರಿ. ಊತ ಬಂದು ಹೋಗೋ ಹಾಗಿದ್ದರೆ ಬಂದಾಗಲೇ ಫೋಟೋ ತೆಗೆದಿಡಿ, ಡಾಕ್ಟರ್ ಎದುರು ಕೂತಾಗ ಅದು ಇಳಿದಿರುತ್ತೆ.