ದುಬಾರಿ ಆಟಗಾರನನ್ನು ಕೊಂಡರೆ ತಂಡ ಗೆಲ್ಲುತ್ತದೆಯೇ?

ಪ್ರತಿ ವರ್ಷ ಮಾರ್ಚ್ ತಿಂಗಳ ಮಧ್ಯದಲ್ಲಿ ಅಮೆರಿಕದ ಕ್ರೀಡಾ ವಾಹಿನಿಗಳಿಗೆ ಒಂದೇ ಕೆಲಸ. ಯಾವ ತಂಡ ಯಾವ ಆಟಗಾರನಿಗೆ ಎಷ್ಟು ಕೋಟಿ ಡಾಲರ್ ಕೊಟ್ಟಿತು ಎಂದು ಹೇಳುತ್ತಲೇ ಇರುವುದು. ನಮ್ಮಲ್ಲಿ ಐಪಿಎಲ್ ಹರಾಜಿನ ದಿನ ಇರುವಂಥದ್ದೇ ಗದ್ದಲ. ಹೆಚ್ಚು ಖರ್ಚು ಮಾಡಿದ ತಂಡದ ಅಭಿಮಾನಿಗಳು ಅಂದೇ ಅರ್ಧ ಟ್ರೋಫಿ ಗೆದ್ದಷ್ಟು ಸಂಭ್ರಮಿಸುತ್ತಾರೆ. ಒಳ್ಳೆಯ ಆಟಗಾರ ಬಂದರೆ ತಂಡ ಬಲವಾಗುತ್ತದೆ, ಇದರಲ್ಲಿ ತಪ್ಪೇನಿದೆ ಎಂದು ನಿಮಗೂ ಅನಿಸಬಹುದು. ಆದರೆ ಲೆಕ್ಕ ಅಷ್ಟು ಸರಳವಾಗಿಲ್ಲ.

ನಾವು ಇಲ್ಲಿ ಹೇಳುತ್ತಿರುವುದು ಮೆಸ್ಸಿ, ರೊನಾಲ್ಡೊ ಆಡುವ ಫುಟ್‌ಬಾಲ್ ಬಗ್ಗೆ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಅದರ ವೃತ್ತಿಪರ ಲೀಗ್ ಎನ್ಎಫ್ಎಲ್‌ನಲ್ಲಿ 32 ತಂಡಗಳಿವೆ. ಕಾಲೇಜು ಮುಗಿಸಿದ ಹುಡುಗರನ್ನು ತಂಡಗಳು 'ಡ್ರಾಫ್ಟ್' ಎಂಬ ಸರದಿ ಪದ್ಧತಿಯಲ್ಲಿ ಆರಿಸಿಕೊಳ್ಳುತ್ತವೆ. ಹೀಗೆ ಆಯ್ಕೆಯಾದವರ ಮೊದಲ ಒಪ್ಪಂದ ಸಾಮಾನ್ಯವಾಗಿ ನಾಲ್ಕು ವರ್ಷದ್ದು, ಸಂಬಳವೂ ಕಡಿಮೆ. ಅದು ಮುಗಿದ ಮೇಲೆ ಆಟಗಾರ 'ಫ್ರೀ ಏಜೆಂಟ್', ಅಂದರೆ ಯಾವ ತಂಡದ ಜೊತೆಗಾದರೂ ಮಾತುಕತೆ ನಡೆಸಲು ಸ್ವತಂತ್ರ. ಈ ಸ್ವಾತಂತ್ರ್ಯ ಸುಮ್ಮನೆ ಸಿಕ್ಕಿದ್ದಲ್ಲ. ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿ ಹೋರಾಡಿದ ಮೇಲೆ 1993ರಲ್ಲಿ ಬಂತು. ಹಾಗಾಗಿ ಆಟಗಾರ ಹೆಚ್ಚು ಹಣ ಕೇಳುವುದರ ಬಗ್ಗೆ ನಮ್ಮ ತಕರಾರಿಲ್ಲ. ಪ್ರಶ್ನೆ ಇರುವುದು ಕೊಡುವವರ ಲೆಕ್ಕಾಚಾರದ ಬಗ್ಗೆ.

1983ರಲ್ಲಿ ಮ್ಯಾಕ್ಸ್ ಬೇಜರ್‌ಮನ್ ಮತ್ತು ವಿಲಿಯಂ ಸ್ಯಾಮ್ಯುಯೆಲ್‌ಸನ್ ಎಂಬ ಸಂಶೋಧಕರು ಎಂಬಿಎ ವಿದ್ಯಾರ್ಥಿಗಳ ಮುಂದೆ ನಾಣ್ಯ ಮುಂತಾದವು ತುಂಬಿದ ಜಾಡಿಗಳನ್ನಿಟ್ಟು ಹರಾಜು ಹಾಕಿದರು. ಪ್ರತಿ ಜಾಡಿಯ ನಿಜವಾದ ಬೆಲೆ 8 ಡಾಲರ್. ಅದು ಕೂಗುವವರಿಗೆ ಗೊತ್ತಿರಲಿಲ್ಲ. ವಿದ್ಯಾರ್ಥಿಗಳ ಸರಾಸರಿ ಅಂದಾಜು 5.13 ಡಾಲರ್, ಅಂದರೆ ಒಟ್ಟಾರೆ ಅವರು ಎಚ್ಚರದಿಂದಲೇ ಇದ್ದರು. ಆದರೆ ಹರಾಜು ಗೆದ್ದವರು ಕೂಗಿದ ಬೆಲೆಯ ಸರಾಸರಿ 10.01 ಡಾಲರ್! ಹೀಗೇಕೆ? ಹರಾಜಿನಲ್ಲಿ ಗೆಲ್ಲುವುದು ಸರಾಸರಿ ಅಂದಾಜಲ್ಲ, ಎಲ್ಲರಿಗಿಂತ ಹೆಚ್ಚು ತಪ್ಪಾಗಿ ಮೇಲಕ್ಕೆ ಅಂದಾಜಿಸಿದವನ ಕೂಗು. ಅರ್ಥಶಾಸ್ತ್ರದಲ್ಲಿ ಇದಕ್ಕೆ 'ವಿನ್ನರ್ಸ್ ಕರ್ಸ್', ಗೆದ್ದವನ ಶಾಪ ಎನ್ನುತ್ತಾರೆ. ಸಮುದ್ರದಡಿಯ ತೈಲ ನಿಕ್ಷೇಪಗಳ ಹರಾಜಿನಲ್ಲಿ ಕಂಪನಿಗಳು ಕೈ ಸುಟ್ಟುಕೊಂಡದ್ದನ್ನು ನೋಡಿ ಮೂವರು ಎಂಜಿನಿಯರ್‌ಗಳು 1971ರಲ್ಲೇ ಇದನ್ನು ವಿವರಿಸಿದ್ದರು.

ಫ್ರೀ ಏಜೆಂಟ್ ಕೂಡ ಅಂಥದ್ದೇ ಜಾಡಿ. ಮುಂದಿನ ನಾಲ್ಕು ವರ್ಷ ಅವನು ಹೇಗೆ ಆಡುತ್ತಾನೆ ಎಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಹತ್ತು ತಂಡಗಳು ಅಂದಾಜು ಮಾಡಿದರೆ ಅವನು ಹೋಗುವುದು ಅತಿ ಆಶಾವಾದಿ ತಂಡಕ್ಕೆ.

ಇನ್ನೊಂದು ಸೂಕ್ಷ್ಮವೂ ಇದೆ. ಆ ಆಟಗಾರನ ಮಂಡಿನೋವು, ಅಭ್ಯಾಸದ ಶಿಸ್ತು, ಸ್ವಭಾವ ಎಲ್ಲವೂ ಚೆನ್ನಾಗಿ ಗೊತ್ತಿರುವುದು ಅವನ ಹಳೆಯ ತಂಡಕ್ಕೆ. ಅವರೇ ಬಿಟ್ಟುಕೊಟ್ಟಿದ್ದಾರೆ ಎಂದರೆ ಒಮ್ಮೆ ಯೋಚಿಸಬೇಕು. ಕಾರಣ ಪ್ರತಿ ಸಲವೂ ದೋಷವೇ ಆಗಿರಬೇಕಿಲ್ಲ, ಕೈಯಲ್ಲಿ ಹಣ ಇಲ್ಲದೆಯೂ ಬಿಟ್ಟಿರಬಹುದು. ಆದರೂ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವಾಗ 'ಯಾಕೆ ಮಾರ್ತಿದ್ದೀರಿ?' ಎಂದು ಕೇಳುವ ನಾವು ಇಲ್ಲಿ ಆ ಪ್ರಶ್ನೆ ಮರೆಯುತ್ತೇವೆ.

ಆಲ್ಬರ್ಟ್ ಹೇನ್ಸ್‌ವರ್ತ್ ಕಥೆ ನೋಡಿ. ಟೆನ್ನೆಸೀ ಟೈಟನ್ಸ್ ತಂಡದ ರಕ್ಷಣಾ ಆಟಗಾರನಾಗಿ 2007 ಮತ್ತು 2008ರಲ್ಲಿ ಅವನ ಆಟ ಅದ್ಭುತವಾಗಿತ್ತು. 2009ರಲ್ಲಿ ವಾಷಿಂಗ್ಟನ್ ತಂಡ ಏಳು ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು, ಅದರಲ್ಲಿ 4.1 ಕೋಟಿ ಖಾತರಿ ಹಣ. ಮರುವರ್ಷ ಕೋಚ್ ಬದಲಾದರು, ರಕ್ಷಣಾ ವ್ಯೂಹ ಬದಲಾಯಿತು. ಹೊಸ ಪಾತ್ರ ಅವನಿಗೆ ಇಷ್ಟವಾಗಲಿಲ್ಲ. ಫಿಟ್‌ನೆಸ್ ಪರೀಕ್ಷೆಯಲ್ಲಿ ಫೇಲಾದ. ಎರಡು ವರ್ಷದಲ್ಲಿ ಆಡಿದ್ದು 20 ಪಂದ್ಯ. 2011ರಲ್ಲಿ ಅವನನ್ನು ಬೇರೆ ತಂಡಕ್ಕೆ ಕೊಟ್ಟಾಗ ವಾಷಿಂಗ್ಟನ್‌ಗೆ ಸಿಕ್ಕಿದ್ದು ಡ್ರಾಫ್ಟ್‌ನ ಐದನೇ ಸುತ್ತಿನ ಒಂದು ಆಯ್ಕೆ ಮಾತ್ರ. ಅದೇ 2011ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಹೆಸರಾಂತ ಆಟಗಾರರನ್ನು ಸಾಲಾಗಿ ಕೊಂಡಿತು. ಅವರಲ್ಲೇ ಒಬ್ಬ ಅದನ್ನು 'ಡ್ರೀಮ್ ಟೀಮ್' ಎಂದು ಕರೆದ. ಆ ವರ್ಷ 8 ಗೆಲುವು, 8 ಸೋಲು. ಮುಂದಿನ ವರ್ಷ 16ರಲ್ಲಿ 4 ಗೆಲುವು.

(ಬೆಂಗಳೂರಿನವರಿಗೆ ಇದು ಹೊಸದಲ್ಲ. 2014ರಲ್ಲಿ ಆರ್‌ಸಿಬಿ ಯುವರಾಜ್ ಸಿಂಗ್‌ಗೆ 14 ಕೋಟಿ ರೂಪಾಯಿ ಕೊಟ್ಟು, ಒಂದೇ ಸೀಸನ್ ಆಡಿಸಿ ಕೈಬಿಟ್ಟಿತ್ತು. ಮರುವರ್ಷ ಡೆಲ್ಲಿ ತಂಡ ಅದೇ ಆಟಗಾರನಿಗೆ 16 ಕೋಟಿ ಕೊಟ್ಟಿತು!)

'ಹೋಗಲಿ ಬಿಡಿ, ಶ್ರೀಮಂತ ಮಾಲೀಕರ ಹಣ, ಅವರಿಷ್ಟ' ಎಂದು ಹೇಳಬಹುದೇ? ಹೇಳಲಾಗದು. ಏಕೆಂದರೆ ಎನ್ಎಫ್ಎಲ್‌ನಲ್ಲಿ 1994ರಿಂದ 'ಸ್ಯಾಲರಿ ಕ್ಯಾಪ್' ಇದೆ. ಒಂದು ತಂಡ ಆಟಗಾರರಿಗೆ ಇಷ್ಟೇ ಖರ್ಚು ಮಾಡಬಹುದು ಎಂಬ ಮಿತಿ ಅದು. ಮೊದಲ ವರ್ಷ 3.46 ಕೋಟಿ ಡಾಲರ್ ಇತ್ತು, 2024ರಲ್ಲಿ 25.54 ಕೋಟಿ ಆಗಿತ್ತು. ಈ ಮಿತಿಯೊಳಗೆ 53 ಆಟಗಾರರ ತಂಡ ಕಟ್ಟಬೇಕು. ಮಾಲೀಕ ಎಷ್ಟೇ ಶ್ರೀಮಂತನಾದರೂ ತಟ್ಟೆಯ ಗಾತ್ರ ಅಷ್ಟೇ. ಒಬ್ಬನಿಗೆ ಹೆಚ್ಚು ಬಡಿಸಿದರೆ ಪಂಕ್ತಿಯಲ್ಲಿ ಕೂತ ಇನ್ನೊಬ್ಬನಿಗೆ ಕಡಿಮೆ.

ತಪ್ಪು ಆಟಗಾರನನ್ನು ಕಳಿಸಿಬಿಟ್ಟರೂ ಹೊರೆ ಇಳಿಯುವುದಿಲ್ಲ. ಒಪ್ಪಂದದ ಆರಂಭದಲ್ಲಿ ಕೊಡುವ ಸೈನಿಂಗ್ ಬೋನಸ್ಸನ್ನು ತಂಡಗಳು ಲೆಕ್ಕದಲ್ಲಿ ಹಲವು ವರ್ಷಗಳಿಗೆ ಹಂಚಿ ತೋರಿಸುತ್ತವೆ. ಆಟಗಾರ ಮಧ್ಯದಲ್ಲೇ ಹೊರಟರೆ ಉಳಿದ ಭಾಗವೆಲ್ಲ ಸಾಮಾನ್ಯವಾಗಿ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಇದೇ 'ಡೆಡ್ ಮನಿ'. ಜಾಕ್ಸನ್‌ವಿಲ್ ಜಾಗ್ವಾರ್ಸ್ ತಂಡ 2019ರಲ್ಲಿ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್‌ಗೆ ನಾಲ್ಕು ವರ್ಷಕ್ಕೆ 8.8 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಬೋನಸ್ 2.5 ಕೋಟಿ, ಅಂದರೆ ಲೆಕ್ಕದಲ್ಲಿ ವರ್ಷಕ್ಕೆ 62.5 ಲಕ್ಷ. ಮೊದಲ ಪಂದ್ಯದಲ್ಲೇ ಅವನ ಕಾಲರ್‌ಬೋನ್ ಮುರಿಯಿತು. ಆ ವರ್ಷ ಆರಂಭಿಕನಾಗಿ ಆಡಿದ್ದು ನಾಲ್ಕೇ ಪಂದ್ಯ, ನಾಲ್ಕರಲ್ಲೂ ತಂಡ ಸೋತಿತು. ಅವನ ಬದಲು ಆಡಿದ್ದು ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದ ಗಾರ್ಡ್ನರ್ ಮಿನ್‌ಶ್ಯೂ. 12ರಲ್ಲಿ 6 ಪಂದ್ಯ ಗೆಲ್ಲಿಸಿದ! ಮೂಳೆ ಮುರಿದದ್ದು ದುರದೃಷ್ಟ, ಒಪ್ಪಿದೆವು. ಆದರೆ ಮೈಗೆ ಮೈ ಗುದ್ದುವ ಈ ಆಟದಲ್ಲಿ ಗಾಯವೂ ಬೆಲೆ ಕಟ್ಟುವಾಗ ಹಿಡಿಯಬೇಕಾದ ಲೆಕ್ಕವೇ. 2020ರಲ್ಲಿ ಫೋಲ್ಸ್ ಬೇರೆ ತಂಡಕ್ಕೆ ಹೋದಾಗ ಉಳಿದ ಮೂರು ವರ್ಷದ ಬೋನಸ್, 1.875 ಕೋಟಿ ಡಾಲರ್, ಜಾಗ್ವಾರ್ಸ್ ಲೆಕ್ಕಕ್ಕೆ ಬಿತ್ತು. ಆ ವರ್ಷ ಹೊಸ ಆಟಗಾರನ ಕನಿಷ್ಠ ಸಂಬಳ 6.1 ಲಕ್ಷ ಡಾಲರ್. ಅಂದರೆ ತಂಡದಲ್ಲೇ ಇಲ್ಲದ ಒಬ್ಬನ ಹೆಸರಿನಲ್ಲಿ 30 ಹುಡುಗರ ಸಂಬಳ!

ಹಾಗಿದ್ದರೆ ಆಟಗಾರರನ್ನು ಬಿಟ್ಟುಕೊಡುವ ತಂಡಕ್ಕೆ ಏನು ಸಿಗುತ್ತದೆ? ಇಲ್ಲೊಂದು ತಮಾಷೆ ಇದೆ. ಕೊಂಡದ್ದಕ್ಕಿಂತ ಹೆಚ್ಚು ಫ್ರೀ ಏಜೆಂಟ್‌ಗಳನ್ನು ಕಳೆದುಕೊಂಡ ತಂಡಗಳಿಗೆ ಲೀಗ್ ಪರಿಹಾರವಾಗಿ ಹೆಚ್ಚುವರಿ ಡ್ರಾಫ್ಟ್ ಆಯ್ಕೆ ಕೊಡುತ್ತದೆ. 2000ದ ಡ್ರಾಫ್ಟ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಇಂಥದ್ದೊಂದು ಪರಿಹಾರದ ಆಯ್ಕೆಯಲ್ಲಿ, 199ನೆಯವನಾಗಿ, ಒಬ್ಬ ಹುಡುಗನನ್ನು ಆರಿಸಿಕೊಂಡಿತು. ಹೆಸರು ಟಾಮ್ ಬ್ರೇಡಿ. ಆ ತಂಡಕ್ಕೆ ಅವನು ಆರು ಸೂಪರ್ ಬೌಲ್ ಗೆದ್ದುಕೊಟ್ಟ.

ಅದೇ ಬ್ರೇಡಿ 2020ರಲ್ಲಿ, 42ರ ವಯಸ್ಸಿನಲ್ಲಿ, ಫ್ರೀ ಏಜೆಂಟ್ ಆಗಿ ಟ್ಯಾಂಪಾ ಬೇ ತಂಡ ಸೇರಿ ಮೊದಲ ವರ್ಷವೇ ಏಳನೆಯದನ್ನೂ ಗೆದ್ದ ಎಂದು ಫುಟ್‌ಬಾಲ್ ಬಲ್ಲವರು ನೆನಪಿಸಬಹುದು. ಸರಿಯೇ. ಭುಜಕ್ಕೆ ಗಾಯವಾಗಿದ್ದ ಡ್ರೂ ಬ್ರೀಸ್ 2006ರಲ್ಲಿ ನ್ಯೂ ಆರ್ಲೀನ್ಸ್‌ಗೆ ಬಂದ. ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದಾಗಿ ಇಡೀ 2011ರ ಸೀಸನ್ ಹೊರಗಿದ್ದ ಪೇಟನ್ ಮ್ಯಾನಿಂಗ್ 2012ರಲ್ಲಿ ಡೆನ್ವರ್‌ಗೆ ಬಂದ. ಇಬ್ಬರೂ ಸೂಪರ್ ಬೌಲ್ ಗೆದ್ದರು. ಆದರೆ ಈ ಮೂವರನ್ನೂ ಕೊಳ್ಳುವಾಗ ಮಾರುಕಟ್ಟೆಗೆ ಒಂದಲ್ಲ ಒಂದು ಅನುಮಾನವಿತ್ತು ಎಂಬುದನ್ನು ಗಮನಿಸಿ: ಒಬ್ಬನ ವಯಸ್ಸು, ಒಬ್ಬನ ಭುಜ, ಒಬ್ಬನ ಕುತ್ತಿಗೆ. ಗೆದ್ದವನ ಶಾಪ ಹೆಚ್ಚು ಕಾಡುವುದು ಹಿಂದಿನ ವರ್ಷವಷ್ಟೇ ಮಿಂಚಿದ, ಎಲ್ಲರೂ ಒಟ್ಟಿಗೆ ಮುಗಿಬೀಳುವ ಆಟಗಾರನ ವಿಷಯದಲ್ಲಿ.

ಮುಂದಿನ ಮಾರ್ಚ್‌ನಲ್ಲಿ ಇಂಥ ಸುದ್ದಿ ಕಂಡರೆ ದಪ್ಪಕ್ಷರದ ಒಟ್ಟು ಮೊತ್ತವನ್ನು ನೋಡಬೇಡಿ, ಅದರಲ್ಲಿ ಬಹಳಷ್ಟು ಎಂದೂ ಪಾವತಿಯಾಗುವುದಿಲ್ಲ. ಖಾತರಿ ಹಣ ಎಷ್ಟು, ಬೋನಸ್ ಎಷ್ಟು ವರ್ಷಕ್ಕೆ ಹಂಚಿದೆ ಎಂಬ ಸಣ್ಣಕ್ಷರದ ಸಾಲು ಕೆಳಗಿರುತ್ತದೆ.