ವಾಹನದ ಜಾಡು ಮತ್ತು ಚಾಲಕನ ಗೋಪ್ಯತೆ: ಮಾಲೀಕರ ಹೊಣೆ

ಸರಕು ಸಾಗಣೆ ವಾಹನಗಳಿಗೆ ಜಿ.ಪಿ.ಎಸ್. ಸಾಧನ ಅಳವಡಿಸುವುದು ಸಣ್ಣ ವರ್ತಕರಲ್ಲಿಯೂ ರೂಢಿಗೆ ಬಂದಿದೆ. ಸರಕು ಎಲ್ಲಿದೆ, ಎಷ್ಟು ಹೊತ್ತಿಗೆ ತಲುಪುವುದು, ವಾಹನ ಎಷ್ಟು ಕಿಲೋಮೀಟರ್ ಓಡಿತು ಎಂಬ ವಿವರಗಳು ಕುಳಿತಲ್ಲಿಯೇ ದೊರೆಯುವುದು ಇದರ ಲಾಭ. ಆದರೆ ವಾಹನದ ಜಾಡು ಅದನ್ನು ನಡೆಸುವ ಮನುಷ್ಯನ ಜಾಡೂ ಹೌದು. ಈ ಅಂಶವನ್ನು ಮರೆತರೆ ಲಾಭದ ಸಾಧನವೇ ನಷ್ಟದ ಬಾಬ್ತಾಗಬಹುದು.

ಮಾಹಿತಿ ಸಾಗುವ ಬಗೆ

ಸಾಧನವು ಉಪಗ್ರಹಗಳ ಸಂಕೇತಗಳಿಂದ ವಾಹನದ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಅದರೊಳಗಿನ ಸಿಮ್ ಕಾರ್ಡ್ ಆ ವಿವರವನ್ನು ಮೊಬೈಲ್ ಜಾಲದ ಮೂಲಕ ಸೇವಾ ಸಂಸ್ಥೆಯ ಗಣಕಯಂತ್ರಕ್ಕೆ ರವಾನಿಸುತ್ತದೆ. ಸಿಮ್ ಯಾವ ಗೋಪುರದ ಸಂಪರ್ಕದಲ್ಲಿದೆ ಎಂಬುದು ಮೊಬೈಲ್ ಕಂಪನಿಗೂ ತಿಳಿದಿರುತ್ತದೆ. ಹೊಸ ಕಾರುಗಳಲ್ಲಿ ಅನೇಕವು ಕಾರ್ಖಾನೆಯಿಂದಲೇ ಇ-ಸಿಮ್ ಸಹಿತ ಹೊರಬರುತ್ತಿದ್ದು, ವೇಗ, ಹಠಾತ್ ಬ್ರೇಕ್ ಮುಂತಾದ ವಿವರಗಳನ್ನೂ ಕಳುಹಿಸಬಲ್ಲವು.

ಹೆಸರು ಅಳಿಸಿದರೆ ಸಾಲದು

ಚಾಲಕನ ಹೆಸರನ್ನು ತೆಗೆದುಹಾಕಿದರೆ ಗೋಪ್ಯತೆ ಉಳಿಯುತ್ತದೆ ಎಂಬ ಭಾವನೆ ಸರಿಯಲ್ಲ. ಸುಮಾರು 15 ಲಕ್ಷ ಜನರ ಮೊಬೈಲ್ ಜಾಲದ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಥಳ ಮತ್ತು ಸಮಯದ ಕೇವಲ 4 ಬಿಂದುಗಳು ಶೇ. 95ರಷ್ಟು ಜನರನ್ನು ಉಳಿದವರಿಂದ ಪ್ರತ್ಯೇಕಿಸಲು ಸಾಕಾದವು. ಉದಾಹರಣೆಗೆ, ವಾಹನವು ರಾತ್ರಿ ನಿಲ್ಲುವ ಬೀದಿಯಿಂದ ಚಾಲಕನ ಮನೆ ತಿಳಿಯುತ್ತದೆ. ಪ್ರತಿ ಮಂಗಳವಾರ ಆಸ್ಪತ್ರೆಯ ಮುಂದೆ ನಿಂತರೆ ಆತನ ಮನೆಯ ಕಾಯಿಲೆಯೂ ಬಯಲಾಗುತ್ತದೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಚಾಲಕರ ಸ್ಥಳ ಹಾಗೂ ಚಾಲನೆಯ ವಿವರಗಳನ್ನು ಸೂಕ್ತ ಸಮ್ಮತಿಯಿಲ್ಲದೆ ಸಂಗ್ರಹಿಸಿ ಮಾರಿದ ಆರೋಪವನ್ನು ಜನರಲ್ ಮೋಟಾರ್ಸ್ ಮೇಲೆ 2025ರ ಜನವರಿಯಲ್ಲಿ ಹೊರಿಸಿತು. ಇಂತಹ ವಿವರಗಳು ವಿಮಾ ಕಂತಿನ ನಿರ್ಧಾರಕ್ಕೂ ಬಳಕೆಯಾಗಿದ್ದವು ಎಂಬುದು ಆರೋಪದ ಮುಖ್ಯ ಭಾಗವಾಗಿತ್ತು.

ಕಾನೂನಿನ ನಿಲುವು

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಬಾಧ್ಯತೆಗಳ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿಯನ್ನು ನಿಗದಿಪಡಿಸಲಾಗಿದೆ.

ಅಧಿನಿಯಮದ ಪ್ರಕಾರ, ಮಾಹಿತಿಯನ್ನು ಯಾವ ಉದ್ದೇಶಕ್ಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವವರೇ ಅದಕ್ಕೆ ಹೊಣೆಗಾರರು. ಅವರ ಪರವಾಗಿ ಸೇವಾ ಸಂಸ್ಥೆ ನಡೆಸುವ ಕಾರ್ಯಕ್ಕೂ ಅವರೇ ಉತ್ತರಿಸಬೇಕು. ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದಲ್ಲಿ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಉದ್ಯೋಗಕ್ಕೆ ಸಂಬಂಧಿಸಿದ ಕೆಲವು ಉದ್ದೇಶಗಳಿಗೆ ಸಮ್ಮತಿಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶವಿದೆ. ಆದರೆ ಕೆಲಸ ಮುಗಿದ ನಂತರದ ಜಾಡನ್ನು ಈ ಅವಕಾಶದಡಿ ಸಮರ್ಥಿಸಿಕೊಳ್ಳುವುದು ಸುಲಭವಲ್ಲ.

ಕೈಗೊಳ್ಳಬೇಕಾದ ಕ್ರಮಗಳು

1. ಯಾವ ವಿವರ, ಯಾವ ಉದ್ದೇಶಕ್ಕೆ ಎಂಬುದನ್ನು ಚಾಲಕನಿಗೆ ಕನ್ನಡದಲ್ಲಿ ಬರಹದ ಮೂಲಕ ತಿಳಿಸುವುದು.
2. ಕೆಲಸದ ವೇಳೆಯ ನಂತರ ಜಾಡು ದಾಖಲಾಗದಂತೆ ವ್ಯವಸ್ಥೆ ಮಾಡುವುದು. ಕಾನೂನಿನನ್ವಯ ಕಡ್ಡಾಯವಾದ ಸಾಧನಗಳಿಗೆ ಇದು ಅನ್ವಯಿಸದು.
3. ಪಾಸ್‌ವರ್ಡನ್ನು ಕಚೇರಿಯವರೆಲ್ಲರಿಗೂ ನೀಡದೆ ಒಬ್ಬಿಬ್ಬರಿಗೆ ಸೀಮಿತಗೊಳಿಸುವುದು.
4. ಮಾಹಿತಿಯನ್ನು ಇತರರಿಗೆ ನೀಡಬಾರದೆಂಬ ಹಾಗೂ ಸೋರಿಕೆಯಾದರೆ ತಕ್ಷಣ ತಿಳಿಸಬೇಕೆಂಬ ಷರತ್ತುಗಳನ್ನು ಸೇವಾ ಸಂಸ್ಥೆಯ ಕರಾರಿನಲ್ಲಿ ಸೇರಿಸುವುದು.
5. ಉದ್ದೇಶ ಮುಗಿದು, ಕಾನೂನು ಸೂಚಿಸಿದ ಅವಧಿಯೂ ಕಳೆದ ದಾಖಲೆಗಳನ್ನು ಅಳಿಸುವುದು.

ಗೋದಾಮಿನಲ್ಲಿ ಅನಗತ್ಯ ದಾಸ್ತಾನು ಹೇಗೆ ಹೊರೆಯೋ, ಗಣಕಯಂತ್ರದಲ್ಲಿ ಅನಗತ್ಯ ಮಾಹಿತಿಯೂ ಹಾಗೆಯೇ. ಸಂಗ್ರಹಿಸದ ಮಾಹಿತಿ ಸೋರಿಕೆಯಾಗದು. ಅದಕ್ಕೆ ದಂಡವೂ ಇಲ್ಲ. ವಿಶ್ವಾಸದಿಂದ ಸರಕು ಸಾಗಿಸುವ ಚಾಲಕನ ಖಾಸಗಿ ಬದುಕನ್ನು ಕಾಯುವುದು ವ್ಯಾಪಾರದ ಹಿತಕ್ಕೂ ಪೂರಕವಾದುದೇ ಆಗಿದೆ.